ಬೆಳಗಾವಿಯಲ್ಲಿ ದಿಗಂಬರ ಮುನಿಗಳು ಬಟ್ಟೆಯಿಲ್ಲದೆ ರಸ್ತೆಯಲ್ಲಿ ನಡೆಯುತ್ತಾರೆ, ಬೇರೆಯವರು ಹಾಗೆ ಓಡಾಡಿದರೆ ಕೇಸ್ ಯಾಕೆ?

ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಮೈಮೇಲೆ ಬಟ್ಟೆ ಇದೆಯೋ ಇಲ್ಲವೋ ಅಂತಷ್ಟೇ ನೋಡುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಅಶ್ಲೀಲವಾಗಿ ನಡೆದುಕೊಂಡು ಬೇರೆಯವರಿಗೆ ಕಿರಿಕಿರಿ ಮಾಡಿದರೆ 3 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಬೆತ್ತಲೆ ಚಿತ್ರ ಅಂದ ಮಾತ್ರಕ್ಕೆ ಅದು ಅಶ್ಲೀಲವಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ, ಸಮಾಜ ಅದನ್ನು ಹೇಗೆ ನೋಡುತ್ತದೆ ಅನ್ನೋದು ಮುಖ್ಯ.

ಚಿಕ್ಕೋಡಿ, ನಿಪ್ಪಾಣಿ ಕಡೆ ನೋಡಿ. ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲು ಹಿಡಿದು ಮುನಿಗಳು ಬಂದರೆ ಜೈನರಲ್ಲದವರೂ ಬೈಕ್ ನಿಲ್ಲಿಸಿ ಕೈಮುಗಿಯುತ್ತಾರೆ. ಅಲ್ಲಿ ಯಾರಿಗೆ ಕಿರಿಕಿರಿ? ಜೊತೆಗೆ ಸಂವಿಧಾನದ 25ನೇ ವಿಧಿ ಧರ್ಮಾಚರಣೆಗೆ ರಕ್ಷಣೆ ಕೊಡುತ್ತದೆ.

ಸುಮ್ನೆ ಖುಷಿಗೆ ಅಂತ ಬೆತ್ತಲೆ ತಿರುಗುವವರಿಗೆ ಆ ರಕ್ಷಣೆ ಸಿಗಲ್ಲ. ಆದರೆ ಹುಡುಗಿ ತೋಳಿಲ್ಲದ ಕುಪ್ಪಸ ಹಾಕಿದ್ದಕ್ಕೆ ಈ ಕಲಂ ಹೆಸರಲ್ಲಿ ಹೆದರಿಸುವುದು ಶುದ್ಧ ತಪ್ಪು.