ಬೆಡಿಯ ರಾತ್ರಿ ಬಾಗಿಲು ಹಾಕಿಕೊಳ್ಳುವ ತಮ್ಮ

ಪ್ರಶ್ನೆ: ನನ್ನ ತಮ್ಮ 2007ರಲ್ಲಿ ಹೈದರಾಬಾದಿನಲ್ಲಿ ಓದುತ್ತಿದ್ದ. ಲುಂಬಿನಿ ಪಾರ್ಕಿನ ಲೇಸರ್ ಪ್ರದರ್ಶನ ನೋಡಲು ಹೋದ ದಿನವೇ ಅಲ್ಲಿ ಬಾಂಬ್ ಸಿಡಿಯಿತು. ಅವನಿಗೆ ಗಾಯವಾಗಲಿಲ್ಲ, ಮುಂದೆ ಕುಳಿತಿದ್ದವರು ಸತ್ತದ್ದನ್ನು ಕಂಡ. ಈಗ ಊರಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಯಕ್ಷಗಾನ ಬಯಲಾಟಕ್ಕೆ ಬರುವುದಿಲ್ಲ. ಕುಂಬಳೆ ಜಾತ್ರೆಯಲ್ಲಿ ಸಿಡಿಮದ್ದು ಸುಡುವ ಬೆಡಿಯ ರಾತ್ರಿ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಇಷ್ಟು ವರ್ಷವಾದರೂ ಮರೆಯಲಾಗದೆ? ಒತ್ತಾಯಿಸಿ ಆಟಕ್ಕೆ ಕರೆದೊಯ್ಯಬಹುದೆ?
– ಒಬ್ಬ ಅಕ್ಕ, ಬದಿಯಡ್ಕ

ಉತ್ತರ (ಮನೋವೈದ್ಯರಿಂದ): ದಯವಿಟ್ಟು ಒತ್ತಾಯಿಸಬೇಡಿ.

ಆ ವರ್ಷದ ಆಗಸ್ಟ್ 25ರ ಸಂಜೆ ಲುಂಬಿನಿ ಪಾರ್ಕಿನಲ್ಲೂ ಕೋಠಿಯ ಗೋಕುಲ್ ಚಾಟ್‌ನಲ್ಲೂ ಸತ್ತವರು 42 ಮಂದಿ. ಗಾಯಗೊಂಡವರ ಲೆಕ್ಕವೂ ಸಿಕ್ಕಿತು. ಮೈಮೇಲೆ ಗೀರೂ ಇಲ್ಲದೆ ಮನೆಗೆ ಬಂದ ನಿಮ್ಮ ತಮ್ಮನಂಥವರನ್ನು ಯಾರೂ ಲೆಕ್ಕ ಹಾಕಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಇಬ್ಬರಿಗೆ ಮರಣದಂಡನೆ ವಿಧಿಸಿತು. ಟಿವಿಯಲ್ಲಿ ಹಳೆಯ ದೃಶ್ಯಗಳು ಮತ್ತೆ ಬಂದಾಗ ಅವನು ನಿದ್ದೆ ಮಾಡಿದನೇ ಎಂಬುದನ್ನು ನೆನಪಿಸಿಕೊಳ್ಳಿ.

ಪೇಟೆಯಲ್ಲಿ ನಡೆಯುವಾಗ ನಮ್ಮ ಮೈ ಅಷ್ಟಿಷ್ಟು ಎಚ್ಚರವಾಗಿರುತ್ತದೆ. ಆಟ ನೋಡುವಾಗ ಹಾಗಲ್ಲ: ಸುತ್ತ ಕತ್ತಲು, ಬೆಳಕೆಲ್ಲ ರಂಗಸ್ಥಳದ ಮೇಲೆ, ಕಣ್ಣು ಕಿವಿ ಎರಡನ್ನೂ ಒಪ್ಪಿಸಿ ಕುಳಿತಿರುತ್ತೇವೆ. ಹಾಗೆ ಮೈಮರೆತ ಕ್ಷಣದಲ್ಲೇ ಅವನಿಗೆ ಪೆಟ್ಟು ಬಿತ್ತು. ಆದ್ದರಿಂದ ಅವನ ಭಯ ಚೆಂಡೆಯದ್ದಲ್ಲ, ಮೈಮರೆಯುವುದರದ್ದು ಎಂದು ನನಗನ್ನಿಸುತ್ತದೆ. ಬೆಡಿಯ ಸದ್ದಂತೂ ನೇರವಾಗಿ ಆ ಸಂಜೆಗೇ ಒಯ್ಯುತ್ತದೆ.

ಮರೆಯುವ ಮಾತಿಗೆ ಬರೋಣ. 2015ರ ನವೆಂಬರ್ 13ರಂದು ಪ್ಯಾರಿಸ್ಸಿನಲ್ಲಿ ದಾಳಿಗಳು ನಡೆದವು. ಬತಾಕ್ಲಾನ್ ಸಭಾಂಗಣವೊಂದರಲ್ಲೇ 90 ಮಂದಿ ಸತ್ತರು. ಆ ದಾಳಿಗಳಿಂದ ಪಾರಾದವರ ಮಿದುಳನ್ನು ಸ್ಕ್ಯಾನ್ ಮಾಡಿದ ಫ್ರೆಂಚ್ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಕರೆಯದೆ ನುಗ್ಗುವ ನೆನಪನ್ನು ತಡೆಯುವ ವ್ಯವಸ್ಥೆ, ನರಳುತ್ತಿದ್ದವರಲ್ಲಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಬ್ರೇಕ್ ಹಿಡಿಯದ ಗಾಡಿಯವನಿಗೆ ‘ನಿಲ್ಲಿಸು’ ಎಂದು ಕೂಗಿ ಏನು ಪ್ರಯೋಜನ? ‘ಮರೆತುಬಿಡು’ ಎನ್ನುವುದೂ ಹಾಗೆಯೇ.

ಇಷ್ಟು ವರ್ಷ ಕಳೆದಿದ್ದರೂ ಚಿಕಿತ್ಸೆ ಫಲ ಕೊಡುತ್ತದೆ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ, ಬೇಕಾದರೆ ಔಷಧಿಯೂ ಇದೆ. ನಿದ್ದೆ ಮಾತ್ರೆಯನ್ನು ತಾನಾಗಿ ನುಂಗುವುದು, ಕುಡಿತದ ಮೊರೆ ಹೋಗುವುದು ಮಾತ್ರ ಬೇಡ. ಕಾಸರಗೋಡಿನ ನಮಗೆ ಭಾಷೆಯ ತೊಡಕೂ ಉಂಟು. ಮಲಯಾಳದಲ್ಲಿ ಜ್ವರ ಹೇಳಬಹುದು, ಆ ಸಂಜೆಯನ್ನು ಅವನು ತನ್ನ ಮನೆಮಾತಿನಲ್ಲೇ ಹೇಳಬೇಕು. ಅಂಥ ವೈದ್ಯರು ಹತ್ತಿರ ಸಿಗದಿದ್ದರೆ ಮಂಗಳೂರಿಗೆ ಕರೆದೊಯ್ಯಿರಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನಲ್ಲಿ ಹಗಲುರಾತ್ರಿ ಉಚಿತವಾಗಿ ಕನ್ನಡದಲ್ಲೂ ಮಾತನಾಡಬಹುದು.

ಚಿಕಿತ್ಸೆ ಆರಂಭವಾದ ಮೇಲೆ, ವೈದ್ಯರ ಸಲಹೆಯಂತೆ, ಮೊದಲು ಪರಿಚಯದವರ ಮನೆಯ ಚಾವಡಿಯಲ್ಲಿ ಹಗಲು ನಡೆಯುವ, ವೇಷ ಕುಣಿತಗಳಿಲ್ಲದೆ ಕುಳಿತೇ ಪ್ರಸಂಗ ಹೇಳುವ ತಾಳಮದ್ದಳೆಗೆ ಹೋಗಲಿ. ಕತ್ತಲಿಲ್ಲ, ಜನಜಂಗುಳಿಯಿಲ್ಲ. ಅದು ಒಗ್ಗಿದರೆ, ಇಡೀ ರಾತ್ರಿ ನಡೆಯದೆ ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿಯ ಆಟದಲ್ಲಿ ಅರ್ಧ ಗಂಟೆ, ರಸ್ತೆಯ ಬದಿಯ ಕುರ್ಚಿ. ಎದ್ದು ಬರುವ ಹೊತ್ತು ಅವನ ಇಷ್ಟ. ಎದ್ದಾಗ ‘ಯಾಕೆ’ ಎಂದು ಕೇಳಬೇಡಿ. ಬೆಡಿ ಎಷ್ಟು ಗಂಟೆಗೆಂದು ಮೊದಲೇ ತಿಳಿಸಿ. ಗೊತ್ತಿದ್ದು ಬರುವ ಸದ್ದಿಗೂ ಗೊತ್ತಿಲ್ಲದೆ ಬಂದೆರಗುವ ಸದ್ದಿಗೂ ಬಹಳ ಅಂತರವಿದೆ.

ಇನ್ನೊಂದು ವಿಷಯ. ಆ ದಿನ ಏನಾಯಿತು ಎಂದು ಮನೆಯವರು ಅವನನ್ನು ಎಂದಾದರೂ ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅದಿಲ್ಲ. ತೋಟದಲ್ಲಿ ಇಬ್ಬರೇ ಇರುವಾಗ ಒಮ್ಮೆ ಕೇಳಿ. ಬೇಡವೆಂದರೆ ಅಲ್ಲಿಗೇ ಬಿಟ್ಟು ಅಡಿಕೆ ಹೆಕ್ಕುತ್ತಾ ಜೊತೆಯಲ್ಲಿರಿ.