ಫೋನ್ ತಾನಾಗಿಯೇ ಪದೇ ಪದೇ ರೀಸ್ಟಾರ್ಟ್ ಆಗುತ್ತಿದೆ, ಬೋರ್ಡ್ ಹೋಗಿದೆ ಅಂತಾರೆ. ನಿಜವಾ?

ಮೂರು ವರ್ಷದ ಆಂಡ್ರಾಯ್ಡ್ ಫೋನ್. ದಿನಕ್ಕೆ ನಾಲ್ಕೈದು ಸಲ ತಾನಾಗಿಯೇ ರೀಸ್ಟಾರ್ಟ್. ಕ್ಯಾಮೆರಾ ತೆಗೆದಾಗ ಜಾಸ್ತಿ, ಅದೂ ಚಾರ್ಜ್ ಮೂವತ್ತು ನಲವತ್ತು ಪರ್ಸೆಂಟ್ ಇರುವಾಗಲೇ. ಒಂದು ಅಂಗಡಿಯವರು ಬೋರ್ಡ್, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್, ಹೋಗಿದೆ ಅಂದರು, ಗೆಳೆಯರೊಬ್ಬರು ಫ್ಯಾಕ್ಟರಿ ರೀಸೆಟ್ ಮಾಡು ಅಂದರು. ನೀವು ಬರೆದಿರುವುದು ಇಷ್ಟು.

ನಾನು ಮೊಬೈಲ್ ರಿಪೇರಿ ಕೆಲಸದವನು. ಕ್ಯಾಮೆರಾ, ನಲವತ್ತು ಪರ್ಸೆಂಟ್ ಎರಡೂ ಒಟ್ಟಿಗೆ ಬಂದಿರುವುದರಿಂದ ನನ್ನ ಮೊದಲ ಅನುಮಾನ ಬ್ಯಾಟರಿ ಮೇಲೆ. ಬೋರ್ಡ್ ಮೇಲೆ ಅಲ್ಲ. ಆದರೆ ಫೋನ್ ನೋಡದೆ ತೀರ್ಪು ಕೊಡುವುದು ಬೇಡ. ಒಂದು ರೂಪಾಯಿ ಖರ್ಚಿಲ್ಲದೆ ನೀವೇ ಮನೆಯಲ್ಲಿ ಪತ್ತೆ ಮಾಡಬಹುದಾದ್ದು ಬೇಕಾದಷ್ಟಿದೆ. ರೀಸೆಟ್ ಮಾತ್ರ ಸದ್ಯಕ್ಕೆ ಮಾಡಬೇಡಿ. ಅದರಿಂದ ಫೋಟೋ ಹೋಗುತ್ತದೆ, ಕಾರಣ ಹಾಗೇ ಉಳಿಯುತ್ತದೆ.

ಮುಂದಿನ ಸಲ ರೀಸ್ಟಾರ್ಟ್ ಆದಾಗ ಸಿಟ್ಟು ಮಾಡಿಕೊಳ್ಳದೆ ಸ್ಕ್ರೀನನ್ನೇ ನೋಡುತ್ತಾ ಇರಿ. ಪಟ್ ಅಂತ ಕಪ್ಪಾಗಿ, ಸ್ವಿಚ್ ಆನ್ ಮಾಡಿದಾಗ ಬರುವ ಕಂಪನಿಯ ಮೊದಲ ಲೋಗೋದಿಂದಲೇ ಶುರುವಾಯಿತಾ? ಅದು ಪೂರ್ತಿ ರೀಸ್ಟಾರ್ಟ್. ಇಲ್ಲಾ, ಸ್ಕ್ರೀನ್ ಸ್ವಲ್ಪ ಹೊತ್ತು ಅಲುಗಾಡದೆ ನಿಂತು, ಆ ಮೊದಲ ಲೋಗೋ ಬರದೆ ನೇರ ಅನಿಮೇಶನ್‌ಗೆ ಹೋಗಿ ಬೇಗನೆ ವಾಪಸ್ ಬಂತಾ? ಅದು ಅರ್ಧ ರೀಸ್ಟಾರ್ಟ್. ಅಡಿಯಲ್ಲಿರುವ ಲಿನಕ್ಸ್ ಕರ್ನಲ್, ಅಂದರೆ ಹಾರ್ಡ್‌ವೇರ್ ನೋಡಿಕೊಳ್ಳುವ ಬುಡದ ಸಾಫ್ಟ್‌ವೇರ್, ಎದ್ದೇ ಇದೆ, ಮೇಲಿನ ಆಂಡ್ರಾಯ್ಡ್ ಮಾತ್ರ ಬಿದ್ದು ಎದ್ದಿದೆ. ಸಿಸ್ಟಮ್ ಸರ್ವರ್ ಅಂತ ಒಂದು ಮುಖ್ಯ ಪ್ರೋಗ್ರಾಮ್ ಇರುತ್ತದೆ. ಅದು ಸುಮಾರು 60 ಸೆಕೆಂಡ್ ಉತ್ತರ ಕೊಡದೆ ಸಿಕ್ಕಿಹಾಕಿಕೊಂಡರೆ, ವಾಚ್‌ಡಾಗ್ ಅನ್ನುವ ಭಾಗ ಅದನ್ನು ನಿಲ್ಲಿಸಿ ಹೊಸದಾಗಿ ಎಬ್ಬಿಸುತ್ತದೆ. ನೋಡುವವರಿಗೆ ಎರಡೂ ರೀಸ್ಟಾರ್ಟೇ. ಕಾರಣ ಮಾತ್ರ ಬೇರೆ ಬೇರೆ.

ಕಣ್ಣಿಗೆ ಗೊತ್ತಾಗಲಿಲ್ಲ ಅಂದರೆ ಫೋನನ್ನೇ ಕೇಳಿ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒಳಗೆ, ಕೆಲವದರಲ್ಲಿ ‘ಸ್ಟೇಟಸ್’ ಒಳಗೆ, ‘ಅಪ್ ಟೈಮ್’ ಅಂತ ಇರುತ್ತದೆ, ಫೋನ್ ಶುರುವಾಗಿ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ. ರೀಸ್ಟಾರ್ಟ್ ಆದ ಕೂಡಲೇ ಹೋಗಿ ನೋಡಿ. ಎರಡು ನಿಮಿಷ ಅಂತ ಇದ್ದರೆ ಫೋನ್ ಬುಡದಿಂದಲೇ ಶುರುವಾಗಿದೆ: ಕರೆಂಟ್ ತಪ್ಪಿದೆ, ಅಥವಾ ಕರ್ನಲ್ಲೇ ಬಿದ್ದಿದೆ. ನಲವತ್ತು ಗಂಟೆ ಅಂತಲೇ ಓಡುತ್ತಿದ್ದರೆ ಬ್ಯಾಟರಿಯನ್ನು ಬೈಯಬೇಡಿ, ಸಾಫ್ಟ್‌ವೇರ್ ಕಡೆ ನೋಡಿ. ಇದೊಂದನ್ನು ನೋಡಿಕೊಂಡು ಬಂದರೆ ಅಂಗಡಿಯಲ್ಲಿ ಅರ್ಧ ವಾದ ಮುಗಿದ ಹಾಗೆ.

ಇನ್ನೊಂದು, ನಗು ಬರುವಂಥದ್ದು. ರೀಸ್ಟಾರ್ಟ್ ಬರೀ ರಾತ್ರಿ ಹೊತ್ತು, ಅದೂ ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ಆಗುತ್ತಿದೆ ಅಂದರೆ ಅದು ರೋಗವೇ ಅಲ್ಲದಿರಬಹುದು. ಸ್ಯಾಮ್‌ಸಂಗ್ ಫೋನ್‌ಗಳ ಡಿವೈಸ್ ಕೇರ್‌ನಲ್ಲಿ ಆಟೋ ರೀಸ್ಟಾರ್ಟ್ ಅಂತಲೇ ಒಂದು ಸೌಕರ್ಯ ಇದೆ. ಬೇರೆ ಕೆಲವು ಕಂಪನಿಗಳಲ್ಲಿ ಇಷ್ಟು ಗಂಟೆಗೆ ಆಫ್, ಇಷ್ಟು ಗಂಟೆಗೆ ಆನ್ ಅಂತ ಇಡಬಹುದು. ಸೆಟ್ಟಿಂಗ್ಸ್ ಮೇಲಿನ ಹುಡುಕುವ ಜಾಗದಲ್ಲಿ ರೀಸ್ಟಾರ್ಟ್ ಅಂತ ಹೊಡೆದು ನೋಡಿ. ಲಾಕ್ ತೆಗೆಯದೆ ಮೂರು ದಿನ ಸುಮ್ನೆ ಬಿಟ್ಟ ಫೋನೂ ತಾನಾಗಿ ರೀಸ್ಟಾರ್ಟ್ ಆಗಬಹುದು. ಐಫೋನ್‌ಗೆ ಇದು ಐಒಎಸ್ 18ರ ಕಾಲದಲ್ಲಿ ಬಂತು, ಆಂಡ್ರಾಯ್ಡ್‌ಗೆ 2025ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲೇ ಸರ್ವಿಸಸ್ ಮೂಲಕ. ಕದ್ದ ಫೋನಿನ ಮಾಹಿತಿ ತೆಗೆಯುವುದು ಕಷ್ಟವಾಗಲಿ ಅಂತ ಮಾಡಿದ್ದು. ನಿಮ್ಮದು ಹಗಲಲ್ಲಿ ಕೈಯಲ್ಲಿರುವಾಗಲೇ ಆಗುತ್ತಿರುವುದರಿಂದ ಇದಲ್ಲ.

ಈಗ ಬ್ಯಾಟರಿಗೆ ಬರೋಣ. ಚಾರ್ಜ್ ನಲವತ್ತು ಇರುವಾಗ ಬ್ಯಾಟರಿ ಹೇಗೆ ಕಾರಣ ಆಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಪರ್ಸೆಂಟ್ ಹೇಳುವುದು ಒಳಗೆ ಎಷ್ಟು ಉಳಿದಿದೆ ಅಂತ. ಎಷ್ಟು ಜೋರಾಗಿ ಕೊಡಬಲ್ಲದು ಅಂತ ಅಲ್ಲ. ಲಿಥಿಯಂ ಬ್ಯಾಟರಿಗೆ ವಯಸ್ಸಾದಂತೆ ಅದರ ಒಳಗಿನ ತಡೆ, ಅಂದರೆ ರೆಸಿಸ್ಟೆನ್ಸ್, ಏರುತ್ತದೆ. ಸುಮ್ನೆ ಮೆಸೇಜ್ ಓದುವಾಗ ಫೋನಿಗೆ ಬೇಕಾದ ಕರೆಂಟ್ ಕಮ್ಮಿ, ಏನೂ ಆಗುವುದಿಲ್ಲ. ಕ್ಯಾಮೆರಾ ತೆಗೆದಿರೋ, ಸೆನ್ಸರ್, ಸ್ಕ್ರೀನ್, ಪ್ರೊಸೆಸರ್ ಎಲ್ಲ ಒಟ್ಟಿಗೆ ಕೈ ಚಾಚುತ್ತವೆ. ಫ್ಲಾಶ್ ಹೊಡೆದರಂತೂ ಇನ್ನೂ ಜಾಸ್ತಿ. ಆ ಕ್ಷಣಕ್ಕೆ ವೋಲ್ಟೇಜ್ ಕುಸಿಯುತ್ತದೆ. ಹಳ್ಳಿಯಲ್ಲಿ ಪಕ್ಕದ ತೋಟದವರು ಪಂಪ್‌ಸೆಟ್ ಹಾಕಿದ ಕೂಡಲೇ ನಮ್ಮ ಮನೆ ಬಲ್ಬ್ ಮಂಕಾಗುತ್ತದಲ್ಲ, ಅದೇ ಲೆಕ್ಕ. ಬಲ್ಬ್ ಮಂಕಾದರೂ ಉರಿಯುತ್ತದೆ, ಫೋನ್ ಹಾಗಲ್ಲ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ, ಒಳಗೆ ಕರೆಂಟ್ ಹಂಚುವ ಪವರ್ ಐಸಿ ಅನ್ನುವ ಚಿಪ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಹೊರೆ ಇಳಿದ ಮೇಲೆ ಬ್ಯಾಟರಿ ಮತ್ತೆ ಚೇತರಿಸಿಕೊಂಡಿರುತ್ತದೆ. ಅದಕ್ಕೇ ಆನ್ ಆದಾಗ ಚಾರ್ಜ್ ಹೆಚ್ಚುಕಮ್ಮಿ ಅಷ್ಟೇ ತೋರಿಸುವುದು, ನೀವು ತಲೆ ಕೆರೆದುಕೊಳ್ಳುವುದು.

ಇದು ಬರೀ ಅಂಗಡಿಯವರ ಕಥೆ ಅಲ್ಲ. ಹಳೆ ಐಫೋನ್‌ಗಳು ಹೀಗೆಯೇ ದಿಢೀರ್ ಆಫ್ ಆಗುತ್ತಿದ್ದವು. 2017ರ ಜನವರಿಯಲ್ಲಿ ಬಂದ ಐಒಎಸ್ 10.2.1ರಲ್ಲಿ ಆಪಲ್ ಸದ್ದಿಲ್ಲದೆ ಅಂಥ ಫೋನ್‌ಗಳ ಪ್ರೊಸೆಸರ್ ವೇಗ ಇಳಿಸಿತು, ಮುದಿ ಬ್ಯಾಟರಿ ಮೇಲೆ ಹೊರೆ ಬೀಳದಿರಲಿ ಅಂತ. ಅದೇ ವರ್ಷ ಡಿಸೆಂಬರ್‌ನಲ್ಲಿ ಒಪ್ಪಿಕೊಂಡು, ಕಡಿಮೆ ಬೆಲೆಗೆ ಬ್ಯಾಟರಿ ಬದಲಿಸಿಕೊಡಬೇಕಾಯಿತು. ಇವತ್ತು ಐಫೋನ್‌ನಲ್ಲಿ ‘ಬ್ಯಾಟರಿ ಹೆಲ್ತ್’ ಅಂತ ನೋಡುತ್ತೀರಲ್ಲ, ಆ ಗಲಾಟೆಯ ನಂತರ ಬಂದದ್ದು ಅದು.

ನಿಮ್ಮ ಫೋನ್‌ಗೆ ಪರೀಕ್ಷೆ ಹೀಗೆ ಮಾಡಿ. ಚಾರ್ಜ್ ಮೂವತ್ತರ ಹತ್ತಿರ ಇಳಿಯಲಿ. ಬ್ರೈಟ್‌ನೆಸ್ ಪೂರ್ತಿ ಏರಿಸಿ, ಕ್ಯಾಮೆರಾದಲ್ಲಿ ವಿಡಿಯೊ ತೆಗೆಯುತ್ತಾ ಟಾರ್ಚ್ ಹಾಕಿ. ಬಿತ್ತಾ? ಈಗ ಒಳ್ಳೆಯ ಚಾರ್ಜರ್ ಚುಚ್ಚಿ, ಅದೇ ಕೆಲಸ ಮತ್ತೆ ಮಾಡಿ. ಚಾರ್ಜರ್ ಇದ್ದಾಗ ಗಟ್ಟಿಯಾಗಿ ನಿಂತು, ತೆಗೆದ ಕೂಡಲೇ ಬೀಳುತ್ತಿದ್ದರೆ ಬ್ಯಾಟರಿಯೇ ಅಂತ ನೂರಕ್ಕೆ ತೊಂಬತ್ತು ನಂಬಬಹುದು. ಚಾರ್ಜ್ ತೊಂಬತ್ತು ಇದ್ದಾಗ ಬೀಳದೆ ಮೂವತ್ತರಲ್ಲಿ ಬೀಳುವುದೂ ಅದೇ ಗುರುತು. ಉಲ್ಟಾ, ಚಾರ್ಜ್‌ಗೆ ಹಾಕಿದಾಗ ಮಾತ್ರ ರೀಸ್ಟಾರ್ಟ್ ಆಗುತ್ತಿದ್ದರೆ ಚಾರ್ಜರ್, ಕೇಬಲ್, ಚಾರ್ಜಿಂಗ್ ಪೋರ್ಟ್ ನೋಡಬೇಕು. ಹಾಗೇ ಫೋನನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿ. ಹಿಂದಿನ ಕವರ್ ಎದ್ದಿದ್ದರೆ, ಸ್ಕ್ರೀನ್ ಅಂಚಲ್ಲಿ ಬಿರುಕಿನಂತೆ ಸಂದು ಬಿಟ್ಟಿದ್ದರೆ ಬ್ಯಾಟರಿ ಉಬ್ಬಿದೆ. ಆಗ ಯಾವ ಪರೀಕ್ಷೆಯೂ ಬೇಡ. ಚಾರ್ಜ್ ಹಾಕುವುದು ನಿಲ್ಲಿಸಿ, ಒತ್ತಿ ಕೂರಿಸಲು ಹೋಗಬೇಡಿ, ನೇರ ಅಂಗಡಿಗೆ ಕೊಡಿ.

ಬ್ಯಾಟರಿ ಅಲ್ಲ ಅಂತಾದರೆ ಮುಂದಿನ ಕಳ್ಳ ಪವರ್ ಬಟನ್. ಯಾರೂ ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಬಟನ್ ತುಂಬಾ ಹೊತ್ತು ಒತ್ತಿ ಹಿಡಿದರೆ ಫೋನ್ ಬಲವಂತವಾಗಿ ರೀಸ್ಟಾರ್ಟ್ ಆಗುತ್ತದೆ. ಕೆಲವದರಲ್ಲಿ ಪವರ್ ಜೊತೆ ವಾಲ್ಯೂಮ್ ಬಟನ್ನೂ ಬೇಕು. ಗಟ್ಟಿ ಕವರ್ ಅದನ್ನು ಒತ್ತುತ್ತಿದ್ದರೆ, ಧೂಳು ಸೇರಿ ಅಂಟಿಕೊಂಡಿದ್ದರೆ, ಬಿದ್ದು ಒಳಗಿನ ಸ್ವಿಚ್ ಕೂತುಹೋಗಿದ್ದರೆ ಬೆರಳೇ ಇಲ್ಲದೆ ಅದೇ ಆಗುತ್ತದೆ. ಗುರುತು ಸುಲಭ. ರೀಸ್ಟಾರ್ಟ್‌ಗೆ ಮೊದಲು ಪವರ್ ಮೆನು ಅಥವಾ ಅಸಿಸ್ಟೆಂಟ್ ತಾನಾಗಿ ಎದ್ದು ಬರುತ್ತದೆ, ಸ್ಕ್ರೀನ್ ಸುಮ್ಸುಮ್ನೆ ಆಫ್ ಆಗುತ್ತದೆ. ಕವರ್ ತೆಗೆದು ಒಂದು ದಿನ ಬಳಸಿ.

ಫೋನ್ ಯಾವಾಗಲಾದರೂ ಜೋರಾಗಿ ಬಿದ್ದಿತ್ತಾ? ಅದನ್ನು ನೀವು ಬರೆದಿಲ್ಲ. ಬಿದ್ದಿದ್ದರೆ ಅಂಗೈಗೆ ಮೆಲ್ಲಗೆ ತಟ್ಟಿ ನೋಡಿ. ತಟ್ಟಿದಾಗ, ಬೈಕ್ ಗುಂಡಿಗೆ ಇಳಿದಾಗ, ಮೇಜಿನ ಮೇಲೆ ಕುಕ್ಕಿದಾಗ ಬಿದ್ದು ಎದ್ದರೆ ಬ್ಯಾಟರಿ ಕನೆಕ್ಟರ್ ಸಡಿಲ. ಕರೆಂಟ್ ಕ್ಷಣ ಮಾತ್ರ ತಪ್ಪಿ ವಾಪಸ್ ಬಂದರೆ ಫೋನನ್ನು ತಾನೇ ಆನ್ ಮಾಡುವ ಏರ್ಪಾಡು ಹಲವು ಪವರ್ ಐಸಿಗಳಲ್ಲೇ ಇದೆ. ಅದಕ್ಕೇ ಅದು ಆಫ್ ಆಗಿ ಕೂರದೆ ರೀಸ್ಟಾರ್ಟ್ ಆದಂತೆ ಕಾಣುವುದು. ಬಿಚ್ಚಿ ಕನೆಕ್ಟರ್ ಒತ್ತಿ ಕೂರಿಸಿದರೆ ಮುಗಿಯಿತು. ಇದಕ್ಕೂ ಬೋರ್ಡ್ ಅಂತ ದುಡ್ಡು ಕೊಟ್ಟು ಬಂದವರನ್ನು ನೋಡಿದ್ದೇನೆ.

ಅಪ್ ಟೈಮ್ ಮುರಿಯದೆ ಓಡುತ್ತಿದ್ದರೆ ಮಾತ್ರ ಆಪ್‌ಗಳ ಹಿಂದೆ ಹೋಗಿ. ಸಾಮಾನ್ಯ ಆಪ್ ಒಂದು ಕೆಟ್ಟರೆ ಅದಷ್ಟೇ ಮುಚ್ಚಿಕೊಳ್ಳಬೇಕು. ಇಡೀ ಫೋನನ್ನು ಬೀಳಿಸಬೇಕಾದರೆ ಸಿಸ್ಟಮ್‌ನಲ್ಲೇ ಎಲ್ಲೋ ತೂತಿರಬೇಕು. ಅಂಥದ್ದು ಆಗಿದೆ. 2020ರಲ್ಲಿ ಒಂದು ಸರೋವರದ ಫೋಟೋವನ್ನು ವಾಲ್‌ಪೇಪರ್ ಮಾಡಿಕೊಂಡ ಆಂಡ್ರಾಯ್ಡ್ 10 ಫೋನ್‌ಗಳು ಹುಚ್ಚು ಹಿಡಿದಂತೆ ಬಿದ್ದು ಏಳುತ್ತಿದ್ದವು. ಫೋಟೋದಲ್ಲಿ ವೈರಸ್ ಇರಲಿಲ್ಲ. ಅದರ ಬಣ್ಣಗಳ ಲೆಕ್ಕ 255ರ ಮಿತಿ ದಾಟುತ್ತಿತ್ತು, ಸಿಸ್ಟಮ್‌ಗೆ ಅದನ್ನು ಅರಗಿಸಿಕೊಳ್ಳಲು ಆಗಲಿಲ್ಲ, ಅಷ್ಟೇ. ಪರೀಕ್ಷೆಗೆ ಸೇಫ್ ಮೋಡ್ ಇದೆ. ಪವರ್ ಮೆನುವಿನಲ್ಲಿ ‘ಪವರ್ ಆಫ್’ ಮೇಲೆ ಬೆರಳು ಒತ್ತಿ ಹಿಡಿದರೆ ಹಲವು ಫೋನ್‌ಗಳಲ್ಲಿ ಕೇಳುತ್ತದೆ. ಕೆಲವದರಲ್ಲಿ ಆನ್ ಆಗುವಾಗ ವಾಲ್ಯೂಮ್ ಇಳಿಸುವ ಬಟನ್ ಹಿಡಿಯಬೇಕು. ಅದರಲ್ಲಿ ನೀವು ಹಾಕಿಕೊಂಡ ಆಪ್ ಯಾವುದೂ ಓಡುವುದಿಲ್ಲ. ಒಂದು ದಿನ ಹಾಗೇ ಬಳಸಿ. ತೊಂದರೆ ನಿಂತರೆ, ಇತ್ತೀಚೆಗೆ ಹಾಕಿದ ಆಪ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ. ಸ್ಟೋರೇಜ್ ತುಂಬಿ ತುಳುಕುತ್ತಿದ್ದರೆ ಅದನ್ನೂ ಖಾಲಿ ಮಾಡಿ.

ಮೆಮೊರಿ ಕಾರ್ಡ್ ಇದ್ದರೆ ತೆಗೆದಿಟ್ಟು ನೋಡಿ. ಏರೋಪ್ಲೇನ್ ಮೋಡ್‌ನಲ್ಲಿ ವೈಫೈ ಮಾತ್ರ ಇಟ್ಟುಕೊಂಡರೆ ನಿಲ್ಲುತ್ತದಾ ಅಂತಲೂ ನೋಡಿ. ನಿಂತರೆ ನೆಟ್‌ವರ್ಕ್ ಭಾಗದ ತೊಂದರೆ ಇರಬಹುದು. ನೀರು ಹೋಗಿದೆಯಾ ಅನ್ನುವುದಕ್ಕೆ, ಹಲವು ಫೋನ್‌ಗಳಲ್ಲಿ ಸಿಮ್ ಟ್ರೇ ಎಳೆದು ಒಳಗೆ ಟಾರ್ಚ್ ಬಿಟ್ಟರೆ ಸಣ್ಣ ಬಿಳಿ ಸ್ಟಿಕ್ಕರ್ ಕಾಣುತ್ತದೆ. ಕೆಂಪಾಗಿದ್ದರೆ ನೀರು ಮುಟ್ಟಿದೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆ ಬೈಕ್ ಮೇಲೆ ಮ್ಯಾಪ್ ಹಾಕಿಕೊಂಡು ಓಡಾಡುವವರದ್ದು ಬರೀ ಬಿಸಿ ತಾಳದೆ ಆಫ್ ಆಗುತ್ತದೆ. ನೆರಳಿಗೆ ಬಂದರೆ ಸರಿ.

ಇದನ್ನು ಓದುವ ಐಫೋನ್‌ನವರಿಗೆ ಒಂದು ಮಾತು. ಸರಿಯಾಗಿ ಮೂರು ಮೂರು ನಿಮಿಷಕ್ಕೆ ರೀಸ್ಟಾರ್ಟ್ ಆಗುತ್ತಿದ್ದರೆ, ಅದೂ ಚಾರ್ಜಿಂಗ್ ಪೋರ್ಟ್ ಬದಲಿಸಿದ ಮೇಲೆ ಶುರುವಾಗಿದ್ದರೆ, ಯಾವುದೋ ಸೆನ್ಸರ್ ಉತ್ತರ ಕೊಡುತ್ತಿಲ್ಲ. ಆನಲಿಟಿಕ್ಸ್ ಡೇಟಾದಲ್ಲಿ ‘ಪ್ಯಾನಿಕ್ ಫುಲ್’ ಅಂತ ಶುರುವಾಗುವ ಫೈಲ್ ಇರುತ್ತದೆ. ಅದರಲ್ಲಿ, ಬಿಸಿ ನೋಡಿಕೊಳ್ಳುವ ‘ಥರ್ಮಲ್ ಮಾನಿಟರ್ ಡಿ’ ಅನ್ನುವ ಪ್ರೋಗ್ರಾಮ್ 180 ಸೆಕೆಂಡ್ ಹಾಜರಿ ಹಾಕಲಿಲ್ಲ ಅನ್ನುವಂಥ ಸಾಲು ಸಿಗುತ್ತದೆ. ಹೊಸದಾಗಿ ಹಾಕಿದ ಚಾರ್ಜಿಂಗ್ ಪೋರ್ಟ್‌ನ ಸ್ಟ್ರಿಪ್ ಸರಿಯಿಲ್ಲದಿರಬಹುದು ಅಂತ ಅರ್ಥ. ಬದಲಿಸಿಕೊಡಿ ಅಂತ ಕೇಳಿ. ಆಂಡ್ರಾಯ್ಡ್‌ನಲ್ಲೂ ಕಂಪ್ಯೂಟರ್‌ಗೆ ಜೋಡಿಸಿ ಎಡಿಬಿ ಅನ್ನುವ ಟೂಲ್ ಮೂಲಕ ‘ಬೂಟ್ ರೀಸನ್’, ಅಂದರೆ ರೀಸ್ಟಾರ್ಟ್ ಆದ ಕಾರಣ, ಕೇಳಬಹುದು. ಕರ್ನಲ್ ಪ್ಯಾನಿಕ್, ವಾಚ್‌ಡಾಗ್, ಥರ್ಮಲ್, ಬ್ಯಾಟರಿ ಅಂತ ಅದೇ ಹೇಳುತ್ತದೆ. ಕಂಪ್ಯೂಟರ್ ಪಳಗಿದವರು ಮನೆಯಲ್ಲಿದ್ದರೆ ಐದು ನಿಮಿಷದ ಕೆಲಸ.

ಅಂಗಡಿಗೆ ಹೋದರೆ ‘ಡಿಸಿ ಸಪ್ಲೈ ಹಾಕಿ ತೋರಿಸಿ’ ಅನ್ನಿ. ರಿಪೇರಿ ಬೆಂಚಿನ ಮೇಲೆ ಅಂಕಿ ತೋರಿಸುವ ಒಂದು ಡಬ್ಬಿ ಇರುತ್ತದಲ್ಲ, ಅದು. ಬ್ಯಾಟರಿ ಕಳಚಿ, ಅದರ ಜಾಗಕ್ಕೆ ಆ ಡಬ್ಬಿಯ ವೈರ್ ಹಾಕಿ ನಾಲ್ಕು ವೋಲ್ಟ್ ಸುಮಾರಿಗೆ ಕೊಡುತ್ತಾರೆ. ಪವರ್ ಬಟನ್ ಒತ್ತುವ ಮೊದಲು ಆಂಪಿಯರ್ ಅಂಕಿ ಸೊನ್ನೆಯ ಹತ್ತಿರ ನಿಂತಿರಬೇಕು. ಒತ್ತದೆಯೇ ಏರಿದರೆ ಬೋರ್ಡ್‌ನಲ್ಲಿ ಶಾರ್ಟಿಂಗ್ ಇದೆ, ಅವರು ಹೇಳಿದ್ದು ಸರಿ. ಅದು ಸೊನ್ನೆಯಲ್ಲಿದ್ದು, ಆನ್ ಮಾಡಿ ಕ್ಯಾಮೆರಾ ತೆಗೆದಾಗ ಅಂಕಿ ಜಿಗಿದರೂ ಫೋನ್ ಬೀಳದೆ ಹತ್ತು ಹದಿನೈದು ನಿಮಿಷ ನಿಂತರೆ, ಬೋರ್ಡ್ ಪಾಪ ಏನೂ ಮಾಡಿಲ್ಲ. ಈ ಪರೀಕ್ಷೆ ಮಾಡದೆ ಕೌಂಟರ್ ಆಚೆಯಿಂದಲೇ ‘ಬೋರ್ಡ್’ ಅಂದವರ ಹತ್ತಿರ ನಾನಾದರೆ ಫೋನ್ ಕೊಡುವುದಿಲ್ಲ.

ಬೋರ್ಡ್ ಹೋಗುವುದೇ ಇಲ್ಲ ಅಂತ ಅಲ್ಲ. 2016ರಲ್ಲಿ ಎಲ್‌ಜಿ ಕಂಪನಿ ತನ್ನ ಜಿ4 ಫೋನ್‌ಗಳು ಲೋಗೋದಲ್ಲೇ ಸುತ್ತುವುದಕ್ಕೆ ಒಳಗಿನ ಭಾಗಗಳ ನಡುವಿನ ಸಡಿಲ ಸಂಪರ್ಕ ಕಾರಣ ಅಂತ ಒಪ್ಪಿಕೊಂಡಿತ್ತು. ಅಂಥದ್ದಕ್ಕೆ ಕೆಲವರು ಹೀಟ್ ಹೊಡೆದು ಕೊಡುತ್ತಾರೆ. ಕೆಲವು ವಾರ ಓಡುತ್ತದೆ, ಮತ್ತೆ ಅದೇ ಗೋಳು. ಫೋಟೋ ತೆಗೆದುಕೊಳ್ಳುವಷ್ಟು ಸಮಯ ಸಿಕ್ಕರೆ ಸಾಕು ಅನ್ನುವವರಿಗೆ ಮಾತ್ರ ಅದು ಸರಿ.

ಬ್ಯಾಟರಿ ಅಂತಲೇ ತೀರ್ಮಾನವಾದರೆ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಮೊದಲು ಬೆಲೆ ಕೇಳಿ, ಆಮೇಲೆ ಹೊರಗೆ ವಿಚಾರಿಸಿ. ಬೆಂಗಳೂರಿನವರಾದರೆ ಎಸ್.ಪಿ. ರೋಡ್‌ನಲ್ಲಿ ಬ್ಯಾಟರಿಗೆ ಬರವಿಲ್ಲ. ಆದರೆ ನಿಮ್ಮ ಮಾಡೆಲ್‌ಗೆ ಇರಬೇಕಾದ್ದಕ್ಕಿಂತ ಜಾಸ್ತಿ ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಸುತ್ತದೆ ಅನ್ನುವ ಅಂಕಿ) ಬರೆದುಕೊಂಡ ಬ್ಯಾಟರಿ ಕಂಡರೆ ದೂರವಿರಿ. ಅದೇ ಅಳತೆಯ ಬ್ಯಾಟರಿಯಲ್ಲಿ ಅಷ್ಟು ತುಂಬಲು ಆಗುವುದಿಲ್ಲ, ಅದು ಬರೀ ಸ್ಟಿಕ್ಕರ್.

ಇಷ್ಟೆಲ್ಲ ಮಾಡುವ ಮೊದಲು ಬ್ಯಾಟರಿ ಉಬ್ಬಿಲ್ಲ ಅಂತ ನೋಡಿಕೊಂಡು ಇವತ್ತು ರಾತ್ರಿಯೇ ಫೋನನ್ನು ಚಾರ್ಜರ್‌ಗೆ ಹಾಕಿ, ಫೋಟೋ, ಕಾಂಟ್ಯಾಕ್ಟ್, ವಾಟ್ಸಾಪ್ ಬ್ಯಾಕಪ್ ತೆಗೆಯಿರಿ. ನಿಮ್ಮ ಗೂಗಲ್ ಪಾಸ್‌ವರ್ಡ್ ನೆನಪಿದೆಯಾ ಅಂತ ಇನ್ನೊಂದು ಫೋನಿನಲ್ಲಿ ಲಾಗಿನ್ ಆಗಿ ನೋಡಿ. ಕೊನೆಗೆ ಅಂಗಡಿಯವರು ರಿಕವರಿ, ಅಂದರೆ ಲಾಕ್ ತೆಗೆಯದೆ ಬಟನ್‌ಗಳಿಂದ ತೆರೆಯುವ ರಿಪೇರಿ ಮೆನು, ಮೂಲಕ ರೀಸೆಟ್ ಮಾಡಿದರೆ, ಫೋನ್ ಮೊದಲು ಕೇಳುವುದು ಅದನ್ನೇ. ಇಲ್ಲದಿದ್ದರೆ ರಿಪೇರಿ ಆದ ಫೋನ್ ಕೈಯಲ್ಲಿದ್ದರೂ ಒಳಗೆ ಹೋಗಲು ಆಗುವುದಿಲ್ಲ.