ಅನಾಥಾಶ್ರಮಕ್ಕೆ ಹೋದ ಹೊಲಿಗೆ ಮೆಷಿನ್

ಈಸ್ಟರ್‌ಗೆ ಮುಂಚಿನ ಉಪವಾಸ, ದಾನದ ದಿನಗಳಾದ ತಪಸ್ಸು ಕಾಲ ಬಂದರೆ ಸಾಕು, ಇಂಥ ಜಗಳವೊಂದು ನನ್ನ ಬಳಿ ಬರುತ್ತದೆ. ಬರೆಯುತ್ತಿರುವುದು ಅದಕ್ಕೇ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಮಂಗಳೂರು ಕಡೆಯ ಕಥೊಲಿಕ ದಂಪತಿ. ಗಂಡ ಕುವೈತ್‌ನಲ್ಲಿ ದುಡಿದು ಊರಿಗೆ ಮರಳಿದವರು. ತಪಸ್ಸು ಕಾಲದ ಮೊದಲ ದಿನವಾದ ಬೂದಿ ಬುಧವಾರದಿಂದ ದಿನಕ್ಕೊಂದು ವಸ್ತು ಕೊಟ್ಟುಬಿಡುತ್ತೇನೆ ಎಂದು ಶುರು ಮಾಡಿದ್ದರು. ಎರಡು ವಾರದಲ್ಲಿ ಹೆಂಡತಿಯ ಹೊಲಿಗೆ ಮೆಷಿನ್ ಅನಾಥಾಶ್ರಮ ಸೇರಿತು. ಆಕೆ ಮಾತು ಬಿಟ್ಟರು.

"ಎಂಟು ವರ್ಷದಿಂದ ಮುಟ್ಟಿಲ್ಲ ಮೇಡಂ. ಜಾಸ್ತಿ ಇರೋದನ್ನ ಕೊಡಬೇಕು ಅಲ್ವಾ?" ಎಂದರು ಅವರು.

ಇಲ್ಲಿಯವರೆಗೆ ಏನೇನು ಕೊಟ್ಟಿರಿ, ಹೇಳಿ ಎಂದೆ. ಕುಕ್ಕರ್, ಪಿಂಗಾಣಿ ತಟ್ಟೆ, ಸೀರೆಗಳು, ಶರ್ಟು, ಮಗಳ ಪುಸ್ತಕ. ಒಂದೊಂದೇ ಬರೆದುಕೊಂಡೆ. "ಇದರಲ್ಲಿ ನಿಮ್ಮದು ಯಾವುದು?"

ತುಂಬಾ ಹೊತ್ತು ಯೋಚಿಸಿದರು. ಎರಡು ಹಳೇ ಶರ್ಟು.

"ಅಟ್ಟದ ಮೇಲೆ ಆರು ಸೂಟ್‌ಕೇಸ್ ಇದೆ" ಎಂದು ಆಕೆ ನನ್ನ ಕಡೆ ನೋಡಿ ಹೇಳಿದರು. ವಾಚು, ಸೆಂಟು, ಪ್ಯಾಕೆಟ್ ಬಿಚ್ಚದ ಕಂಬಳಿ.

"ಅದು ಬಿಡಿ. ಅದು ನಾನು ದುಡಿದಿದ್ದರ ನೆನಪು."

"ನಂದೂ ಅದೇ."

ಮದುವೆಗೆ ಮುಂಚೆ ಊರವರ ರವಿಕೆ ಹೊಲಿದು, ದುಡ್ಡು ಕೂಡಿಟ್ಟು ಕೊಂಡ ಮೆಷಿನ್ ಅದು. ಗಂಡನಿಗೆ ಮರೆತೇ ಹೋಗಿತ್ತು. ಆಮೇಲೆ ಆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಕೊಡುವುದನ್ನು ನಿಲ್ಲಿಸಬೇಡಿ, ಆದರೆ ಈಸ್ಟರ್‌ವರೆಗೆ ನಿಮ್ಮ ಸೂಟ್‌ಕೇಸ್‌ನಿಂದ ಮಾತ್ರ ಕೊಡಿ ಎಂದೆ. ಕೊಡುವ ಮೊದಲು, ಪಡೆಯುವವರಿಗೆ ಅದು ಬೇಕಾ ಎಂದೂ ಕೇಳಿ. ನಮಗೆ ಬೇಡದ್ದನ್ನು ಸುಮ್ನೆ ಆಶ್ರಮದ ಬಾಗಿಲಲ್ಲಿ ಇಟ್ಟು ಬಂದರೆ ಅವರ ಕೋಣೆ ತುಂಬುತ್ತದೆ, ಅಷ್ಟೇ.

ದಾನ ಮಾಡುವವರನ್ನು ತಡೆದಿರಿ ಎಂದು ಗಂಡನ ಅಣ್ಣ ನನ್ನ ಮೇಲೆ ಸಿಟ್ಟಾದರು. ನಾನು ತಡೆಯಲಿಲ್ಲ. ಬೈಬಲ್‌ನ ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಪ್ರವಾದಿ ಸ್ನಾನಿಕ ಯೊವಾನ್ನ, ಇಲ್ಲದವನಿಗೆ ಒಂದು ಕೊಡು ಎಂದು ಹೇಳುವುದು ಎರಡು ಅಂಗಿ ಇರುವವನಿಗೆ. ಅವನ ಹೆಂಡತಿಯ ಬಟ್ಟೆಯ ಮಾತು ಅಲ್ಲಿಲ್ಲ. 19ನೇ ಅಧ್ಯಾಯದ ಸುಂಕದವರ ಮುಖ್ಯಸ್ಥ ಜಕ್ಕಾಯ ಬಡವರಿಗೆ ಕೊಡುತ್ತೇನೆ ಎಂದಿದ್ದು ತನ್ನ ಆಸ್ತಿಯ ಅರ್ಧ. ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದೂ ಸೇರಿಸಿದ. 4ನೇ ಶತಮಾನದ ಸಂತ ಬೆಸಿಲ್ ಇನ್ನೂ ಕಟುವಾಗಿ ಹೇಳಿದ್ದರು: ನೀನು ಪೆಟ್ಟಿಗೆಯಲ್ಲಿಟ್ಟ ಅಂಗಿ ಬಟ್ಟೆಯಿಲ್ಲದವನದ್ದು. ಆ ಮಾತು ಕೇಳಿ ಮೊದಲು ನಮ್ಮ ಪೆಟ್ಟಿಗೆ ತೆರೆಯಬೇಕು. ಕೇಳದೆ ಇನ್ನೊಬ್ಬರದ್ದನ್ನು ಕೊಟ್ಟರೆ ಅದನ್ನು ದಾನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೆಂಡತಿಯ ಹತ್ತಿರ ಕ್ಷಮೆ ಕೇಳಿದ ಮೇಲೆ ಅವರು ಸೂಟ್‌ಕೇಸ್ ಇಳಿಸಿದರು. ಮೊದಲು ಹೋಗಿದ್ದು ಕಂಬಳಿಗಳು. ಒಂದು ವಾಚು ಮಾತ್ರ ಕೈಬಿಡಲು ಆಗುತ್ತಿಲ್ಲ ಎಂದು ಫೋನ್ ಮಾಡಿದ್ದರು. ಇಟ್ಟುಕೊಳ್ಳಿ ಎಂದೆ.

ಮೆಷಿನ್ ಈಗಲೂ ಆಶ್ರಮದಲ್ಲಿದೆ. ವಾಪಸ್ ಕೇಳಬೇಕೋ, ಅಲ್ಲೇ ಬಿಡಬೇಕೋ ಎಂದು ಆಕೆ ಇನ್ನೂ ತೀರ್ಮಾನಿಸಿಲ್ಲ. ಆ ವಿಷಯ ಎತ್ತಲೇಬೇಡಿ ಎಂದು ಗಂಡನಿಗೆ ಹೇಳಿದ್ದೇನೆ.